ನೆಟ್ಟಗೆ ಮಾಡಿದ ಮೊಳೆಗಳು

ಬಿದ್ದ ಮನೆಯ ಹಳೆಯ ಮೊಳೆಗಳನ್ನು ಭಾವ ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಒಂದೊಂದಾಗಿ ತಟ್ಟಿ ನೆಟ್ಟಗೆ ಮಾಡುತ್ತಾ ಕೂತಿದ್ದನ್ನು ಬಡಗಿ ಮೊದಲ ದಿನವೇ ನೋಡಿದ್ದ. ಆಗಲೇ ಆ ಮೊಳೆಯ ಡಬ್ಬಿಯನ್ನು ಕಸಿದು ಸಮುದ್ರಕ್ಕೆ ಎಸೆದಿದ್ದರೆ ಮುಂದಿನ ಮೂರು ತಿಂಗಳ ಗೋಳು ತಪ್ಪುತ್ತಿತ್ತು. ಆದರೆ ಭಾವ ಎಂದರೆ ಅಕ್ಕನ ಗಂಡ. ಸಾಲದ್ದಕ್ಕೆ ಶಾಲೆಯಲ್ಲಿ ಅವನಿಗೆ ಗಣಿತ ಕಲಿಸಿದವರು, ಆಮೇಲೆ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಐವತ್ತು ತುಂಬಿದ ಮೇಲೂ ಅವರೆದುರು ನಿಂತರೆ ಬಡಗಿಯ ಕೈಗಳು ತಾವಾಗಿ ಬೆನ್ನ ಹಿಂದೆ ಹೋಗುತ್ತಿದ್ದವು.

ಹಿಂದಿನ ವರ್ಷದ ಬಿರುಗಾಳಿ ಅವರ ಮನೆಯ ಚಾವಣಿಯನ್ನು ಪೂರ್ತಿ ಕಿತ್ತುಕೊಂಡು ಹೋಗಿತ್ತು. ಅಕ್ಕ ಭಾವ ಇಬ್ಬರೂ ಅಂದಿನಿಂದ ಒಂದು ಪುಸ್ತಕದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದರು. ಗೋಡೆಗೆ ತಗುಲಿಹಾಕಿದ ಬಟ್ಟೆಗೂ ಬೂಷ್ಟು ಹಿಡಿಯುವಂಥ ಕೋಣೆಗಳು. ಹೊಸ ಮನೆಯ ಜವಾಬ್ದಾರಿ ಬಡಗಿಯ ಮೇಲೆ ಬಿತ್ತು. ಪ್ರತಿ ಗಾಳಿಯ ನಂತರವೂ ಕಂಡವರ ಮನೆ ಹತ್ತಿ ಇಳಿದ ಅವನಿಗೆ ಯಾವ ಚಾವಣಿ ನಿಲ್ಲುತ್ತದೆ, ಯಾವುದು ಹಾರುತ್ತದೆ ಎಂಬುದರಲ್ಲಿ ಅನುಮಾನವಿರಲಿಲ್ಲ.

ಒಂದು ಸಂಜೆ ನೋಟ್‌ಬುಕ್ ತೆರೆದು ಎಲ್ಲವನ್ನೂ ವಿವರಿಸಿದ. ಚಾವಣಿಗೆ ನಾಲ್ಕೂ ಕಡೆ ಇಳಿಜಾರು ಇರಬೇಕು, ಆಗ ಗಾಳಿಗೆ ಹಿಡಿಯಲು ಚಪ್ಪಟೆ ಮುಖ ಸಿಗುವುದಿಲ್ಲ. ಪ್ರತಿಯೊಂದು ತೊಲೆಯನ್ನೂ ಗೋಡೆಯ ತಲೆಯ ಮೇಲಿನ ಕಾಂಕ್ರೀಟ್ ಪಟ್ಟಿಗೆ ಲೋಹದ ಪಟ್ಟಿಯಿಂದ ಬಿಗಿಯಬೇಕು. ಬರೀ ಭಾರದಿಂದ ಕೂತ ಚಾವಣಿ ಗಾಳಿ ಮೇಲಕ್ಕೆಳೆದಾಗ ಟೋಪಿಯಂತೆ ಎದ್ದು ಹೋಗುತ್ತದೆ. ನೀರು ನುಗ್ಗದಂತೆ ನೆಲ ಸೊಂಟದೆತ್ತರಕ್ಕಿರಲಿ. ಕಿಟಕಿಗಳು ಎದುರುಬದುರಾಗಿರಲಿ, ಸೂರಿನ ಕೆಳಗೆ ಸಾಲಾಗಿ ಗಾಳಿಕಿಂಡಿಗಳಿರಲಿ, ಇಲ್ಲದಿದ್ದರೆ ಸೆಕೆಯಲ್ಲಿ ಬೆಂದು ಹೋಗುತ್ತೀರಿ. ಲೋಹವೆಲ್ಲ ಸತುವಿನ ಲೇಪದ್ದೇ ಆಗಬೇಕು.

ಭಾವ ಮೂರು ಪ್ರಶ್ನೆ ಕೇಳಿದರು. ಮೂರೂ ಒಳ್ಳೆಯ ಪ್ರಶ್ನೆಗಳೇ. ಆಮೇಲೆ ಉತ್ತರಪತ್ರಿಕೆಗೆ ಹಾಕುವಂತೆ ನಕ್ಷೆಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಸಹಿ ಹಾಕಿ, ಎಲ್ಲ ಸರಿಯಾಗಿದೆ ಎಂದರು. ಬಡಗಿ ನಂಬಿದ.

ಗೋಡೆ ಏಳುತ್ತಿದ್ದಂತೆ ಶುರುವಾಯಿತು. ಒಂದು ಬೆಳಿಗ್ಗೆ ಬಂದು ನೋಡಿದರೆ ಗಾಳಿಕಿಂಡಿಗಳೆಲ್ಲ ಸಿಮೆಂಟಿನಿಂದ ಮುಚ್ಚಿಹೋಗಿದ್ದವು. ಹಲ್ಲಿ ಬರುತ್ತದಂತೆ. ಬಡಗಿ ಹಲ್ಲು ಕಚ್ಚಿಕೊಂಡು ಅವನ್ನು ಒಡೆಸಿ, ಜಾಲರಿ ಹೊಡೆಸಿದ. ಮರುವಾರ ಕೋಣೆಯ ಕಿಟಕಿಯೊಂದು ಎರಡು ಮೊಳ ಪಕ್ಕಕ್ಕೆ ಸರಿದಿತ್ತು. ಪುಸ್ತಕದ ಕಪಾಟಿಗೆ ಜಾಗ ಬೇಕಿತ್ತಂತೆ. ಗಾರೆಯವನನ್ನು ಕೇಳಿದರೆ, ಮೇಷ್ಟ್ರು ಹೇಳಿದ ಮೇಲೆ ಹೇಗೆ ಇಲ್ಲ ಅನ್ನೋದು ಎಂದು ತಲೆ ಕೆರೆದುಕೊಂಡ. ಅವನೂ ಅದೇ ಶಾಲೆಯವನು. ಭಾವನ ಪ್ರತಿಯೊಂದು ತಿದ್ದುಪಡಿಗೂ ಒಂದು ಕಾರಣವಿರುತ್ತಿತ್ತು, ಆ ಕಾರಣದಲ್ಲಿ ಅರ್ಧ ನ್ಯಾಯವೂ ಇರುತ್ತಿತ್ತು. ಬಡಗಿಗೆ ತಲೆ ಚಿಟ್ಟು ಹಿಡಿಸುತ್ತಿದ್ದುದು ಆ ಅರ್ಧವೇ.

ಚಾವಣಿಗೆ ಶೀಟು ಹೊದಿಸುವ ಹೊತ್ತಿಗೆ ರಬ್ಬರ್ ವಾಷರಿನ ಸ್ಕ್ರೂಗಳು ಸಾಲದೆ, ತರಲೆಂದು ಬಡಗಿ ಎರಡು ದಿನ ಬೇರೆ ಊರಿಗೆ ಹೋದ. ಹಿಂತಿರುಗಿದಾಗ ಸಮುದ್ರದ ಕಡೆಯ ಇಳಿಜಾರಿಗೆ ಆಗಲೇ ಶೀಟು ಹೊದಿಸಿಯಾಗಿತ್ತು. ಖುಷಿಯಿಂದಲೇ ಏಣಿ ಹತ್ತಿದ. ಮೇಲೆ, ಫಳಫಳ ಹೊಳೆಯುವ ಶೀಟಿನ ತುಂಬ ಕಂದು ಬಣ್ಣದ ಮೊಳೆಯ ತಲೆಗಳು ಸಾಲಾಗಿ ಕೂತಿದ್ದವು.

ಕೆಳಗಿಳಿದು, ಇದನ್ನು ಯಾರು ಹೊಡೆದದ್ದು ಎಂದು ಕೇಳಿದ. ಕೆಲಸದವರಿಬ್ಬರೂ ಭಾವನ ಮುಖ ನೋಡಿದರು.

"ನಾನೇ ಕೊಟ್ಟೆ," ಎಂದರು ಭಾವ. "ಸುಮ್ಮನೆ ಕೆಲಸ ನಿಲ್ಲೋದು ಯಾಕೆ? ಒಂದೊಂದನ್ನೂ ನೆಟ್ಟಗೆ ಮಾಡಿದ್ದೀನಿ. ಬೇಕಾದ್ರೆ ಎಳೆದು ನೋಡು."

"ಇವತ್ತು ಎಳೆದ್ರೆ ಬರಲ್ಲ ಭಾವ. ಉಪ್ಪುಗಾಳಿ ಒಳಗಿಂದ ತಿಂದು ಹಾಕಿರುತ್ತೆ. ಹೊರಗೆ ತಲೆ ಮಾತ್ರ ಇರುತ್ತೆ."

"ಹಿಂದಿನ ಮನೇಲಿ ಮೂವತ್ತು ವರ್ಷ ಇದ್ದ ಮೊಳೆಗಳು ಕಣಯ್ಯ ಇವು."

ಮೂರು ತಿಂಗಳಿಂದ ಒಳಗೇ ಕುದಿಯುತ್ತಿದ್ದದ್ದು ಆಗ ಉಕ್ಕಿತು. "ಇದ್ದು ಏನು ಮಾಡಿದ್ವು? ಆ ಚಾವಣಿ ಹಾಕಿದ್ದು ನನಗೆ ಮರಗೆಲಸ ಕಲಿಸಿದ ಗುರುಗಳೇ, ಇಲ್ಲ ಅನ್ನಲ್ಲ. ಆದರೆ ಅದು ಕುರುಡು ಕೆಲಸ. ಅದಕ್ಕೇ ಹೋಯ್ತು. ಇದೂ ಹಾಗೇ ಹೋಗ್ಲಿ ಅಂತಿದ್ರೆ ನನ್ನನ್ನು ಯಾಕೆ ಕರೆದ್ರಿ?"

ಭಾವ ಬೋರಲು ಹಾಕಿದ ಗಾರೆ ಬಾಂಡಲಿಯ ಮೇಲೆ ಹೋಗಿ ಕೂತರು. ಬಡಗಿ ಆ ಇಳಿಜಾರಿನ ಶೀಟುಗಳನ್ನೆಲ್ಲ ಕೀಳಿಸಿ ಅಂಗಳದಲ್ಲಿ ಪೇರಿಸಿದ. ಆಮೇಲೆ ತನ್ನ ಉಳಿ, ಗರಗಸಗಳನ್ನು ಚೀಲಕ್ಕೆ ತುಂಬಿಕೊಂಡು, ಯಾರಿಗೂ ಹೇಳದೆ ಹೊರಟುಹೋದ.

ನಾಲ್ಕು ದಿನ ತನ್ನ ಕಾರ್ಖಾನೆಯಲ್ಲಿ ಯಾರದೋ ಬೀರು ಮಾಡುತ್ತಾ ಕಳೆದ. ಐದನೆಯ ದಿನ ಮಧ್ಯಾಹ್ನ ಅಕ್ಕ ಬಂದಳು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ, ಮಡಚಿದ ಕೊಡೆಯನ್ನು ಊರಿಕೊಂಡು ನಿಂತಳು.

"ಹಳೇ ಮನೆಯ ಹಿಂಭಾಗದ ಚಾವಣಿ ಹಾಕಿದ್ದು ಯಾರು, ನೆನಪಿದೆಯಾ?"

ಗುರುಗಳು ಎಂದ ಬಡಗಿ.

"ಅವರಿಗೆ ಆ ವಾರ ಜ್ವರ. ನೀನೊಬ್ಬನೇ ಹತ್ತಿದ್ದೆ. ಮೂರು ದಿನ ಬಡಿದೆ. ಕೆಳಗಿಂದ ಮೊಳೆ ಎತ್ತಿ ಕೊಟ್ಟವಳು ನಾನು." ಅಕ್ಕ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದಳು. "ಹೋದ ವರ್ಷ ಮೊದಲು ಎದ್ದದ್ದು ಆ ಭಾಗಾನೇ. ನಾವಿಬ್ಬರೂ ಕೆಳಗೆ ನಿಂತು ನೋಡ್ತಾ ಇದ್ವಿ."

ಬಡಗಿ ಮರ ನಯ ಮಾಡುತ್ತಿದ್ದ ಹತ್ತರಿಯನ್ನು ಹಲಗೆಯ ಮೇಲಿಟ್ಟ. ಆ ಮೂರು ದಿನಗಳು ಅವನಿಗೆ ನೆನಪಿಗೆ ಬಂದವು. ಹತ್ತೊಂಬತ್ತು ವರ್ಷ, ಮೊದಲ ಸಲ ಒಬ್ಬನೇ ಮಾಡಿದ ಕೆಲಸ. ಎಷ್ಟು ಹೆಮ್ಮೆಪಟ್ಟಿದ್ದ. ಚಾವಣಿ ಹಾರಿದ ಮೇಲೆ ಆ ಕೆಲಸ ಅವನ ನೆನಪಿನಲ್ಲಿ ಹೇಗೋ ಇಡಿಯಾಗಿ ಗುರುಗಳ ಪಾಲಿಗೆ ಹೋಗಿಬಿಟ್ಟಿತ್ತು. ಸತ್ತವರು ತಿರುಗಿ ಮಾತಾಡುವುದಿಲ್ಲವಲ್ಲ.

"ಭಾವನಿಗೆ ಗೊತ್ತಾ?"

"ಗೊತ್ತಿಲ್ಲದೆ ಏನು? ಕೇಳಿದವರಿಗೆಲ್ಲ ಗಾಳಿ ಜೋರಿತ್ತು ಅಂತಾನೇ ಹೇಳ್ಕೊಂಡು ಬಂದಿದ್ದಾರೆ. ನಿನ್ನ ಹೆಸರು ಒಂದು ಸಲನೂ ಎತ್ತಿಲ್ಲ." ಅವಳ ದನಿ ಏರಿತು. "ನನಗಂತೂ ನಿಮ್ಮಿಬ್ಬರ ಮಧ್ಯೆ ಸಾಕಾಗಿ ಹೋಗಿದೆ. ಒಬ್ಬರು ಕಟ್ಟೋಕೆ ಬಿಡಲ್ಲ, ಇನ್ನೊಬ್ಬ ಕಟ್ಟಲ್ಲ. ಮಳೆಗಾಲ ಬಾಗಿಲಿಗೆ ಬಂತು. ನನಗೆ ಒಣಗಿರೋ ಒಂದು ಅಡುಗೆಮನೆ ಬೇಕು, ಅಷ್ಟೇ."

ಅವಳ ಹಿಂದೆಯೇ ಬಡಗಿಯೂ ಹೊರಟ. ಭಾವ ಅಂಗಳದಲ್ಲಿ, ಶೀಟುಗಳಿಂದ ಕಿತ್ತ ಮೊಳೆಗಳನ್ನು ಮತ್ತೆ ನೆಟ್ಟಗೆ ಮಾಡುತ್ತಾ ಕೂತಿದ್ದರು. ನೋಡುತ್ತಲೇ ಅವನ ಮೈ ಉರಿಯಿತು. ಆದರೂ ಹೇಳಲು ಬಂದದ್ದನ್ನು ಹೇಳಿದ: ಹಳೆಯ ಮನೆಯ ಹಿಂಭಾಗ ತನ್ನ ಕೆಲಸ, ಗುರುಗಳದ್ದಲ್ಲ, ಹೋದದ್ದು ತನ್ನ ತಪ್ಪಿನಿಂದ.

ಭಾವ ತಲೆ ಎತ್ತಲಿಲ್ಲ. "ಗೊತ್ತು. ನಿನ್ನ ಏಟು ಎಡಕ್ಕೆ ವಾಲುತ್ತೆ. ಅಕ್ಷರವೂ ಹಾಗೇ ವಾಲ್ತಿತ್ತು." ಇನ್ನೆರಡು ಏಟು ಹಾಕಿದರು. "ಹತ್ತೊಂಬತ್ತರವನನ್ನು ಒಬ್ಬನೇ ಹತ್ತಿಸಿದ್ದು ನಾನು. ನಿನ್ನ ಗುರು ಎರಡು ವಾರ ತಡೀರಿ ಅಂದಿದ್ದ. ನನಗೇ ಅವಸರ."

ಭಾವ ಮಾತು ಮುಂದುವರಿಸಿದರು. ಮೊಳೆಗಳು ಬಾಗಿದ್ದವೇ ಹೊರತು ಮುರಿದಿರಲಿಲ್ಲವಂತೆ. ಅಂದ ಮೇಲೆ ಮೊಳೆಯದೇನು ತಪ್ಪು ಎಂಬುದು ಅವರ ವಾದ. ಬಡಗಿ ಅವರ ಮುಂದೆ ನೆಲದ ಮೇಲೆ ಕೂತ. ಚೀಲದಿಂದ ಇಕ್ಕಳ ತೆಗೆದು ಅವರ ಕೈಗೇ ಕೊಟ್ಟು, ಹತ್ತು ಮೊಳೆ ಆರಿಸಿ ನೀವೇ ಬಾಗಿಸಿ ನೋಡಿ ಎಂದ. ಮೊದಲನೆಯದು ಬಾಗಿತು. ಎರಡನೆಯದು ಚಾಕ್‌ಪೀಸಿನಂತೆ ಲಟಕ್ಕನೆ ಮುರಿಯಿತು. ಭಾವ ಪೆನ್ಸಿಲಿನಿಂದ ಗೋಡೆಯ ಮೇಲೆ ಗೀಟು ಹಾಕುತ್ತಾ ಹೋದರು. ಹತ್ತರಲ್ಲಿ ಏಳು ಮುರಿದವು. ಅವರು ಗೀಟುಗಳನ್ನು ಸ್ವಲ್ಪ ಹೊತ್ತು ನೋಡಿ, ಡಬ್ಬಿಯನ್ನು ಎತ್ತಿಕೊಂಡು ಹೋಗಿ ಗುಜರಿಯ ಮೂಟೆಗೆ ಸುರಿದು ಬಂದರು.

ಇನ್ನಾದರೂ ನೆಮ್ಮದಿ ಎಂದುಕೊಂಡ ಬಡಗಿ. ಎಲ್ಲಿಯ ನೆಮ್ಮದಿ! ಈಗ ಭಾವ ಮೇಲ್ವಿಚಾರಕರಾದರು. ತೊಲೆಗಳನ್ನು ಬಿಗಿದ ಪಟ್ಟಿಗಳನ್ನು ಏಣಿ ಹತ್ತಿ ಎಣಿಸಿದರು. ಅಡುಗೆಮನೆಯ ಮೂಲೆಯಲ್ಲಿ ಎರಡು ಪಟ್ಟಿಗಳು ಕಡಿಮೆ ಇವೆ ಎಂದು ಕೆಲಸದವರೆದುರೇ ಹೇಳಿದರು. ಬಡಗಿ ಸಿಡುಕಿಕೊಂಡೇ ಮೇಲೆ ಹೋಗಿ ನೋಡಿದ. ನಿಜವಾಗಿಯೂ ಎರಡು ಕಡಿಮೆಯಿದ್ದವು. ಅವತ್ತು ಅವನಿಗೆ ಊಟ ಸೇರಲಿಲ್ಲ.

ಅಕ್ಕ ಭಾವ ಹೊಸ ಮನೆಗೆ ಬಂದ ಹನ್ನೆರಡನೆಯ ದಿನ ಗಾಳಿ ಬಂತು. ಎಚ್ಚರಿಕೆ ಹಿಂದಿನ ದಿನವೇ ಬಂದಿತ್ತು. ಬಡಗಿ ಬೆಳಿಗ್ಗೆಯೇ ಹೋಗಿ ಕಿಟಕಿಗಳಿಗೆ ಹೊರಗಿನಿಂದ ಮರದ ಕದ ಹಾಕುತ್ತಿದ್ದ. ಹನ್ನೊಂದರ ಹೊತ್ತಿಗೆ ಹೊರಗೆ ನಿಲ್ಲಲಾಗಲಿಲ್ಲ. ಮೂವರೂ ಮನೆಯ ನಡುವಿನ ಬಚ್ಚಲಮನೆಗೆ ಹೋಗಿ ಕೂತರು. ಅದಕ್ಕೆ ಕಾಂಕ್ರೀಟಿನ ತಾರಸಿ ಹಾಕಿಸಿದ್ದು ಇಂಥ ದಿನಕ್ಕೆಂದೇ. ಅಕ್ಕ ಫ್ಲಾಸ್ಕ್ ಅಪ್ಪಿಕೊಂಡಿದ್ದಳು. ಭಾವ ಒಂದು ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ಮೇಲೆ ಚಾವಣಿ ಒಮ್ಮೆ ನರಳುವುದು, ಒಮ್ಮೆ ಡಬಡಬ ಬಡಿದುಕೊಳ್ಳುವುದು. ಪ್ರತಿಯೊಂದು ಸದ್ದಿಗೂ ಬಡಗಿ ಮನಸ್ಸಿನಲ್ಲೇ ಒಂದೊಂದು ತೊಲೆಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ಒಂದು ಸಲ ಸದ್ದು ಎಷ್ಟು ಜೋರಾಯಿತೆಂದರೆ ಅಕ್ಕ ಇಬ್ಬರ ತೋಳನ್ನೂ ಹಿಡಿದುಕೊಂಡಳು. ಅದು ಪಕ್ಕದ ಮನೆಯ ಶೀಟು, ಹಾರಿ ಬಂದು ಇವರ ಗೋಡೆಗೆ ಬಡಿದದ್ದು.

ನಾಲ್ಕು ಗಂಟೆಗೆ ಹೊರಗೆ ಬಂದು ನೋಡಿದರು. ಬೀದಿಯಲ್ಲಿ ಮೂರು ಮನೆಗಳ ಚಾವಣಿ ಚೂರುಚೂರಾಗಿ ಬಿದ್ದಿತ್ತು. ಇವರದು ಹಾಕಿದ ಹಾಗೇ ಇತ್ತು. ಬಡಗಿ ಸುತ್ತ ಒಂದು ಬಳಸು ಬಂದ. ಭಾವ ಅಂಗಳದಲ್ಲಿ ನಿಂತು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದರು. ಬಡಗಿ ಪಕ್ಕಕ್ಕೆ ಬಂದು ನಿಂತ. ಒಂದು ಒಳ್ಳೆಯ ಮಾತು ಬಂದೀತು ಎಂದು ಕಾದ, ಸುಳ್ಳೇಕೆ ಹೇಳಬೇಕು.

ಭಾವ ಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದು ಕೊಟ್ಟರು. ಬಚ್ಚಲಮನೆಯಲ್ಲಿ ಕೂತೇ ಬರೆದದ್ದು. ಮನೆಯ ಕುಂದುಕೊರತೆಗಳು, ಒಟ್ಟು ಹನ್ನೊಂದು.

"ಅಲ್ಲ ಭಾವ, ಗಾಳಿ ಪೂರ್ತಿ ನಿಂತಿಲ್ಲ ಇನ್ನೂ."

"ಮೊದಲನೆಯದನ್ನು ಓದು."

ಅಡುಗೆಮನೆಯ ಕಿಟಕಿಯ ಚಿಲಕ ತೀರಾ ಮೇಲಿದೆ, ಗಾಳಿ ಏರುತ್ತಿದ್ದಾಗ ನಿನ್ನ ಅಕ್ಕ ಸ್ಟೂಲು ಹತ್ತಿ ಹಾಕಬೇಕಾಯಿತು, ಬಿದ್ದಿದ್ದರೆ ಏನು ಗತಿ ಎಂದು ಬರೆದಿತ್ತು. ಬಡಗಿ ಕಾಗದವನ್ನು ಎರಡು ಸಲ ಓದಿದ. ನೆತ್ತಿಗೇರಿದ್ದ ಸಿಟ್ಟು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಳಗೆ ಹೋಗಿ, ಅಕ್ಕನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಕೈ ಎತ್ತು ಎಂದ. ಅವಳ ಬೆರಳು ಮುಟ್ಟಿದ ಕಡೆ ಪೆನ್ಸಿಲಿನಿಂದ ಗುರುತು ಹಾಕಿದ.

"ಒಂದು ಅಂಗುಲ ಕೆಳಗೆ," ಎಂದರು ಬಾಗಿಲಲ್ಲಿ ನಿಂತ ಭಾವ.

ಬಡಗಿ ಗುರುತನ್ನು ಅಳಿಸಿ, ಒಂದು ಅಂಗುಲ ಕೆಳಗೆ ಹಾಕಿದ.