ಉದ್ದನೆಯ ಗುಡ್ಡೆ

ನಿಮ್ಮನ್ನು ಅಮ್ಮನ ಪಕ್ಕದಲ್ಲೇ ಕೂರಿಸುತ್ತೇವೆ ಎಂದು ಅಪ್ಪನಿಗೆ ನಾಲ್ಕು ವರ್ಷದಿಂದ ಮಾತು ಕೊಡುತ್ತ ಬಂದವಳು ನಾನು, ಜಯಶೀಲಾ. ಸುಳ್ಳು ಎಂದು ಗೊತ್ತಿದ್ದೇ ಕೊಟ್ಟೆ. ಅಮ್ಮನನ್ನು ನಾವು ಎಲ್ಲೂ ಕೂರಿಸಿರಲಿಲ್ಲ. ಸುಟ್ಟುಬಿಟ್ಟಿದ್ದೆವು.

ನಮ್ಮದು ಹಾವೇರಿ ಕಡೆಯ ಲಿಂಗಾಯತ ಮನೆತನ, ಹೆಣ ಸುಡುವ ಪದ್ಧತಿಯಿಲ್ಲ. ಹೊಲದ ಅಂಚಿನಲ್ಲಿ ಚೌಕಾಕಾರದ ಗುಂಡಿ ತೋಡಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂತ ಭಂಗಿಯಲ್ಲೇ ಇಳಿಸಿ, ವಿಭೂತಿ ಪತ್ರೆ ಹಾಕಿ ಮುಚ್ಚುತ್ತಾರೆ. ಅಜ್ಜ, ಮುತ್ತಜ್ಜ ಎಲ್ಲರೂ ಬೇವಿನ ಮರದ ಕೆಳಗೆ ಹರಟೆಗೆ ಕೂತವರ ಹಾಗೆ ಸಾಲಾಗಿ ಇದ್ದಾರೆ. ಅವರ ಸಮಾಧಿಯ ಕಟ್ಟೆಗಳ ಮೇಲೆ ಬುತ್ತಿ ಬಿಚ್ಚಿ ಉಣ್ಣುವವರಿಗೆ ಹೆದರಿಕೆಯೂ ಇಲ್ಲ. ಪದ್ಮನಾಭನಗರದಲ್ಲಿ ಬೆಳೆದ ನಾನೂ ತಮ್ಮ ವಿಜಯಕುಮಾರನೂ ಅದನ್ನೆಲ್ಲ ರಜೆಯಲ್ಲಿ ಕಂಡವರು, ಗಮನವಿಟ್ಟು ನೋಡಿದವರಲ್ಲ.

ಕೊರೊನಾದ ಎರಡನೇ ಅಲೆಯಲ್ಲಿ ಅಮ್ಮ ಹೋದಾಗ ಅಪ್ಪ ಬೇರೊಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದರು. ವಿಜಯ ಹನ್ನೊಂದು ಗಂಟೆ ಸರದಿಯಲ್ಲಿ ಕಾದು, ಪ್ಲಾಸ್ಟಿಕ್ ಸುತ್ತಿದ ಅಮ್ಮನನ್ನು ವಿದ್ಯುತ್ ಚಿತಾಗಾರಕ್ಕೆ ಒಪ್ಪಿಸಿ ಬಂದ. ಅಪ್ಪ ಮನೆಗೆ ಬಂದು ಮೊದಲು ಕೇಳಿದ್ದು, "ಆಕೀನ್ನ ಎಲ್ಲಿ ಕೂಡ್ಸೀರಿ?" ನಮ್ಮಿಬ್ಬರ ಬಾಯಿಗೂ ಕೋಣನಕುಂಟೆ ಸ್ಮಶಾನ ಬಂತು. ಅಲ್ಲಿ ಗುಂಡಿ ತೋಡುವ ಹನುಮಯ್ಯನಿಗೆ ವಿಜಯ ನಡೆದದ್ದು ಹೇಳಿ ಕೈಮುಗಿದು, ಅಮ್ಮನದೆಂದು ತೋರಿಸಲು ಒಂದು ಹೊಸ ಗುಡ್ಡೆ ಕೇಳಿಕೊಂಡ.

ಸ್ಮಶಾನದ ಮೂರು ಕಡೆ ಅಪಾರ್ಟ್‌ಮೆಂಟು. ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆ, ಯಾರದೋ ಮನೆಯ ಒಗ್ಗರಣೆ ವಾಸನೆ. ಕಾಲಿಡಲು ಜಾಗವಿಲ್ಲದಷ್ಟು ಒತ್ತಾಗಿ ಗೋರಿಗಳು. ಅಪ್ಪ ಆ ಗುಡ್ಡೆಯ ಮುಂದೆ ಬಹಳ ಹೊತ್ತು ನಿಂತರು.

"ಇದ್ಯಾಕವಾ ಇಷ್ಟು ಉದ್ದ ಐತಿ?"

ಆ ಪ್ರಶ್ನೆ ನನಗೆ ಅರ್ಥವೇ ಆಗಲಿಲ್ಲ. "ಇಲ್ಲಿ ಹೀಗೇ ಅಪ್ಪಾ, ಬೆಂಗಳೂರಲ್ಲಿ," ಅಂದೆ. ಅಪ್ಪ ತಲೆಯಾಡಿಸಿದರು. ಆಮೇಲೆ ಪ್ರತಿ ಸೋಮವಾರ ಪತ್ರೆ ಹಿಡಿದು ಬಸ್ಸು ಹತ್ತುತ್ತಿದ್ದರು.

ಕಳೆದ ತಿಂಗಳು ಅಪ್ಪ ತೀರಿಕೊಂಡರು. ಮನೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಕ್ರಿಯೆ ಮಾಡಿಸುವ ಅಯ್ಯನವರು ಬಂದಾಗಿತ್ತು, ಹಾವೇರಿಯಿಂದ ನೆಂಟರ ವ್ಯಾನು ಹೊರಟಿತ್ತು. ಗುಂಡಿ ಎಲ್ಲಿಗೆ ಬಂತೆಂದು ನೋಡಿ ಬರಲು ನಾನೇ ಕೋಣನಕುಂಟೆಗೆ ಹೋದೆ. ಹನುಮಯ್ಯ ಹಾರೆ ಪಕ್ಕಕ್ಕಿಟ್ಟು ಕೂತಿದ್ದ. ಒಂದು ಹಿಡಿ ಮಣ್ಣೂ ಎದ್ದಿರಲಿಲ್ಲ.

"ಯಾಕೆ ಹನುಮಯ್ಯ, ಇನ್ನೂ ಶುರು ಮಾಡಿಲ್ವಾ?"

"ಯಜಮಾನ್ರು ತೋಡ್ಬೇಡ ಅಂದವ್ರೆ ಅಕ್ಕ."

"ಯಾವ ಯಜಮಾನ್ರು?"

"ನಿಮ್ಮಪ್ಪಾರು." ಅವನು ಆ ಗುಡ್ಡೆಯ ಕಡೆ ನೋಡಿದ. "ನಿಮ್ಮೋರು ಕೂತ್ಕಳೋರು. ಗುಡ್ಡೆ ಮೋಟಾಗಿರ್ತದೆ, ಚೌಕ. ಇದು ಉದ್ದ. ಇದ್ರಲ್ಲಿ ಮಲ್ಗಿರೋದು ನಮ್ಮವ್ವ, ಸಪ್ಪಲಮ್ಮ. ಅದೇ ವಾರ ಹೋದ್ಲು. ಬೇರೆಯೋರ್ದು ತೋರ್ಸಿದ್ರೆ ಜಗ್ಳ ಆಯ್ತದೆ ಅಂತ ನಮ್ದೇ ತೋರ್ಸ್ದೆ. ನಿಮ್ಮಪ್ಪಾರು ಮೂರ್ನೇ ವಾರಕ್ಕೇ ನನ್ನ ಕೂರಿಸ್ಕಂಡು ಕೇಳುದ್ರು. ಆ ಮಕದ ಮುಂದೆ ಸುಳ್ಳು ಬರ್ಲಿಲ್ಲ ಅಕ್ಕ, ಅಮ್ಮಾರ್ನ ಸುಟ್ಟಿದ್ದು ಹೇಳ್ಬುಟ್ಟೆ."

"ಮತ್ತೆ ನಾಲ್ಕು ವರ್ಷ ಬಂದ್ರಲ್ಲ!"

"ನಾನೂ ಕೇಳ್ದೆ. ಬರ್ದಿದ್ರೆ ಮಕ್ಕಳು ನೊಂದ್ಕಂತಾರೆ, ನಿಮ್ಮವ್ವಂಗೂ ಪತ್ರೆ ಇರ್ಲಿ ಬಿಡು, ಅಂದ್ರು. ನಾನು ಸತ್ರೆ ಗುಂಡಿ ಬ್ಯಾಡ, ಅವಳ್ನ ಸುಟ್ಟ ಕಡೇನೇ ನನ್ನೂ ಸುಡ್ಲಿ, ಮಗಳಿಗೆ ಹೇಳು, ಅಂದ್ರು."

ದಿನಕ್ಕೆ ಮೂರು ಹೊತ್ತು ಲಿಂಗಪೂಜೆ ತಪ್ಪಿಸದ ಮನುಷ್ಯ, ಹೆಂಡತಿ ಹೋದ ದಾರಿ ಎಂದು ಬೆಂಕಿ ಕೇಳಿದ್ದರು. ಅದನ್ನು ನನಗೇ ಹೇಳಲು ಎಷ್ಟು ಸಂಕಟಪಟ್ಟಿರಬೇಕು. ವಿಜಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅಕ್ಕಾ, ಹುಚ್ಚಾ ನಿಂಗೆ? ಅಯ್ಯನೋರಿಗೆ ಏನಂತ ಹೇಳ್ಲಿ? ಅಮ್ಮನ್ನೂ ಸುಟ್ವಿ ಅಂತ ಎಲ್ರ ಮುಂದೆ ಒಪ್ಕೊಬೇಕಾ?"

ತಮ್ಮನನ್ನು ಬೈಯಬೇಕೆನ್ನಿಸಿತು. ಆದರೆ ಅವನ ಮಾತು ಕೇಳಿ ನನ್ನ ಎದೆಯ ಭಾರ ಇಳಿದದ್ದು ಸುಳ್ಳಲ್ಲ, ಆ ನೆಮ್ಮದಿಗೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ಹನುಮಯ್ಯ ಹಾರೆ ಮುಟ್ಟದೆ ನನ್ನ ಮುಖವನ್ನೇ ನೋಡುತ್ತಿದ್ದ.

"ತೋಡಿ," ಅಂದೆ.

ಮಧ್ಯಾಹ್ನ ಅಪ್ಪನನ್ನು ಕೂರಿಸಿದೆವು. ಇಷ್ಟಲಿಂಗ, ವಿಭೂತಿ, ಪತ್ರೆ, ಯಾವುದಕ್ಕೂ ಕೊರತೆಯಾಗಲಿಲ್ಲ. ಸಪ್ಪಲಮ್ಮನ ಪಕ್ಕದಲ್ಲಿ ಚೌಕಾಕಾರದ ಪುಟ್ಟ ಗುಡ್ಡೆ ಎದ್ದಿತು. ಹನುಮಯ್ಯ ಅದರ ಮಣ್ಣು ತಟ್ಟಿ ಸಮ ಮಾಡಿದ, ನನ್ನ ಕಡೆ ತಿರುಗಲಿಲ್ಲ.

ಎಲ್ಲರೂ ಹೊರಟಾಗ ಹಾವೇರಿಯ ಸೋದರತ್ತೆ ಹಿಂದೆ ಉಳಿದರು. ಎರಡೂ ಗುಡ್ಡೆಗಳಿಗೆ ಹಣೆ ಹಚ್ಚಿ ನಮಸ್ಕರಿಸಿ ಎದ್ದವರು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೇಳಿದರು.

"ನಿಮ್ಮವ್ವಂದು ಯಾಕವಾ ಇಷ್ಟು ಉದ್ದ ಐತಿ?"

"ಇಲ್ಲಿ ಹೀಗೇ ಅತ್ತೆ," ಅಂದೆ. "ಬೆಂಗಳೂರಲ್ಲಿ."

ಅತ್ತೆ ಅಪ್ಪನ ಹಾಗೆಯೇ ತಲೆಯಾಡಿಸಿದರು.