ಕೇಳಿ ಕೆಲಸ ಮಾಡುವ ಬೋರ್ಡು

ಧಾನ್ಯದ ಉಗ್ರಾಣದ ಕಚೇರಿಯಲ್ಲಿ ಇದ್ದದ್ದು ಒಂದೇ ಯೂನಿಕ್ಸ್ ಕಂಪ್ಯೂಟರು. ಆರು ಮೇಜಿನವರು ಒಟ್ಟಿಗೆ ಅದನ್ನು ಬಳಸಬೇಕಿತ್ತು. ಲಾರಿ ತೂಗುವ ವೇಬ್ರಿಜ್ಜಿನ ತಂತಿಯೂ ಅದಕ್ಕೇ ಬಂದು ಸೇರಬೇಕಿತ್ತು. ಅದರ ಬೆನ್ನಲ್ಲಿ ತಂತಿ ಸಿಕ್ಕಿಸುವ ಬಾಯಿಗಳೋ, ಎರಡೇ. ಹಾಗಾಗಿ ಮೆಕ್ಯಾನಿಕ್ಕು ಎರಡು ಬಗೆಯ ಸೀರಿಯಲ್ ಬೋರ್ಡುಗಳನ್ನು ತಂದು, ಮೇಜಿನ ಮೇಲಿನ ಹೊಟ್ಟು ಒರೆಸಿ, ಬಟ್ಟೆ ಹಾಸಿ ಇಟ್ಟಿದ್ದ. ಎರಡರಲ್ಲೂ ಎಂಟೆಂಟು ಬಾಯಿ.

ಉಗ್ರಾಣದ ಯಜಮಾನರು ಬಗ್ಗಿ ನೋಡಿದರು. ಅವರನ್ನು ಕೇಳದೆ ಅಲ್ಲಿ ಯಾರೂ ಒಂದು ಚೀಲವನ್ನೂ ಬಿಚ್ಚುತ್ತಿರಲಿಲ್ಲ.

“ಎರಡೂ ಒಂದೇ ಥರ ಇವೆಯಲ್ಲಯ್ಯ.”

“ನೋಡೋಕಷ್ಟೇ. ಇದು ಸಾದಾದು. ಯಾವ ತಂತಿಯಲ್ಲಿ ಒಂದಕ್ಷರ ಬಂದ್ರೂ ‘ಬಂದಿದೆ, ತಗೊಳ್ಳಿ’ ಅಂತ ಕಂಪ್ಯೂಟರನ್ನ ಕೂಗುತ್ತೆ. ಇನ್ನೊಂದಕ್ಕೆ ಅದರದೇ ಪುಟ್ಟ ಮೆದುಳಿದೆ. ತಾನೇ ಕೂಡಿಸಿಟ್ಕೊಂಡು ಒಟ್ಟಿಗೆ ಒಪ್ಪಿಸುತ್ತೆ. ಆದ್ರೆ ಅದಕ್ಕೊಂದು ಡ್ರೈವರ್ ಹಾಕ್ಬೇಕು.”

“ಲಾರಿಗೇ ಡ್ರೈವರ್ ಸಿಗ್ತಿಲ್ಲ, ಇದಕ್ಕೆಲ್ಲಿಂದ ತರಲಿ?”

“ಅದು ಪ್ರೋಗ್ರಾಮು, ಯಜಮಾನರೇ. ಊಟ ಕೇಳಲ್ಲ.”

ಕಿಟಕಿಯ ಬಳಿ ಕುಳಿತಿದ್ದ ಯಜಮಾನರ ಅಣ್ಣನ ಮಗಳು ಮುಖ ತಿರುಗಿಸಿ ನಕ್ಕಳು. ಹಿಂದಿನ ಸುಗ್ಗಿಯವರೆಗೂ ಅವಳು ದಬ್ಬಣ ಹಿಡಿದು ಚೀಲ ಹೊಲಿಯುತ್ತಿದ್ದವಳು. ಹಟ ಹಿಡಿದು ವೇಬ್ರಿಜ್ಜಿನ ಕುರ್ಚಿ ಪಡೆದಿದ್ದಳು. ‘ಒಂದು ತೂಕ ತಪ್ಪಿದ್ರೂ ಮತ್ತೆ ದಬ್ಬಣವೇ’ ಎಂದು ಚಿಕ್ಕಪ್ಪ ಮೊದಲೇ ಹೇಳಿಯೇ ಕೂರಿಸಿದ್ದರು.

“ಕೇಳಿ ಮಾಡೋ ಆ ಸಾದಾದನ್ನೇ ಹಾಕು,” ಎಂದರು ಯಜಮಾನರು. “ತಮ್ಮಷ್ಟಕ್ಕೆ ಕೂಡಿಸಿಡೋರನ್ನ ನಾನು ನಂಬಲ್ಲ.”

“ಎಲ್ಲಾ ಕಡೆಯಿಂದ ಒಟ್ಟಿಗೆ ಕೂಗಿದ್ರೆ ಕಂಪ್ಯೂಟರಿಗೆ ಬಿಡುವಿರಲ್ಲ. ಅದು ತಿರುಗೋ ಹೊತ್ತಿಗೆ ಅಕ್ಷರವೋ ಅಂಕಿಯೋ ಕಳೆದುಹೋಗಿರುತ್ತೆ.”

“ನನ್ನನ್ನ ಬೆಳಗಿಂದ ಸಂಜೆವರೆಗೆ ಕೂಗ್ತಾರೆ. ನಾನೇನಾದ್ರೂ ಕಳ್ಕೊಂಡಿದೀನಾ?”

ಮೆಕ್ಯಾನಿಕ್ಕು ಕತ್ತು ಕೆರೆದುಕೊಂಡು ಸ್ಕ್ರೂಡ್ರೈವರ್ ಎತ್ತಿಕೊಂಡ.

ಲಾರಿಗಳು ಕಡಿಮೆ ಇದ್ದಷ್ಟು ದಿನ ಎಲ್ಲವೂ ಸರಿಯಾಗಿಯೇ ನಡೆಯಿತು. ಸುಗ್ಗಿ ಏರಿತು. ಒಳಗೆ ಆರೂ ಮೇಜಿನವರು ಒಂದೇ ಸಮನೆ ಕೀಲಿಗಳನ್ನು ಕುಟ್ಟುತ್ತಿದ್ದಾಗ, ತುಂಬಿದ ಲಾರಿಯೊಂದರ ಚೀಟಿ ಹೊರಬಂತು. ಚಾಲಕ ಅದನ್ನು ಓದಿ ಹಿಂದಕ್ಕೆ ಚಾಚಿದ.

“ನನ್ನ ಲಾರಿ ಖಾಲಿ ಇದ್ದಾಗ್ಲೇ ಇದಕ್ಕಿಂತ ಭಾರ ತೂಗುತ್ತಲ್ಲ, ತಾಯಿ.”

ಯಜಮಾನರು ಬಂದರು. ತೂಕ ತಂತಿಯ ಮೂಲಕ ತಾನಾಗಿಯೇ ಪರದೆಗೆ ಬರುತ್ತಿತ್ತು. ವೇಬ್ರಿಜ್ಜಿನ ಅಂಕಿಗಳು ಅಲುಗಾಡದೆ ನಿಂತ ಮೇಲೆ ಗುಂಡಿ ಒತ್ತುವುದಷ್ಟೇ ಅವಳ ಕೆಲಸ.

“ನಿಲ್ಲೋಕೆ ಮುಂಚೆನೇ ಒತ್ತಿದೀಯ.”

“ಇಲ್ಲ ಚಿಕ್ಕಪ್ಪ. ನಿಂತ ಮೇಲೇ ಒತ್ತಿದ್ದು.”

“ಹಾಗಾದ್ರೆ ಅಂಕಿಯನ್ನ ಇಲಿ ತಿಂತಾ? ಏಳು. ಹೋಗಿ ದಬ್ಬಣ ಹಿಡಿ.”

ಅವಳು ಎದ್ದು ಬಾಗಿಲ ಬಳಿ ನಿಂತಳು. ಹೋಗಲಿಲ್ಲ.

ಯಜಮಾನರು ಕುರ್ಚಿಯಲ್ಲಿ ಕುಳಿತು ಹೊರಗಿನ ಕೆಂಪು ಅಂಕಿಗಳನ್ನು ದಿಟ್ಟಿಸಿದರು. 14720. ಅಲುಗಾಡಲಿಲ್ಲ. ಇನ್ನೂ ಸ್ವಲ್ಪ ಕಾದರು. ಆಮೇಲೆ ಒತ್ತಿದರು. ಪರದೆಯಲ್ಲಿ 1420 ಎಂದು ಬಂತು. ಮತ್ತೆ ಒತ್ತಿದರೆ ಸರಿಯಾಗಿತ್ತು. ಇನ್ನೊಮ್ಮೆ ಒತ್ತಿದಾಗ ಕೊನೆಯ ಸೊನ್ನೆ ಇರಲಿಲ್ಲ.

ಅವರ ಬೆರಳು ಗುಂಡಿಯ ಮೇಲೇ ಇತ್ತು. ಅಂಗಳದಿಂದ ಇಬ್ಬರು, ಉಗ್ರಾಣದೊಳಗಿಂದ ಒಬ್ಬ “ಯಜಮಾನರೇ” ಎಂದು ಕೂಗುತ್ತಿದ್ದರು. ಯಾರಿಗೆ ಮೊದಲು ಓಗೊಡಬೇಕೆಂದು ತೋಚುವಷ್ಟರಲ್ಲಿ ಒಳಗಿನವನ ದನಿ ನಿಂತುಹೋಯಿತು. ಅವನು ಏನು ಕೇಳಬೇಕೆಂದಿದ್ದನೋ, ಕೇಳದೆ ಏನು ಮಾಡಿದನೋ. ದಿನಕ್ಕೆ ಇಂಥವು ಎಷ್ಟಿದ್ದಾವು ಎಂದು ಅವರು ಯೋಚಿಸಿರಲಿಲ್ಲ. ಈಗ ಯೋಚಿಸಿದರು.

“ಬಾ, ಕೂತ್ಕೋ,” ಎಂದರು ಕೊನೆಗೆ.

“ಬೋರ್ಡು ಬದಲಾದ್ರೆ ಕೂರ್ತೀನಿ. ಇದೇ ಇದ್ರೆ ನಂಗೆ ದಬ್ಬಣವೇ ವಾಸಿ. ಅದು ಚುಚ್ಚಿದ್ರೆ ನನ್ನೊಬ್ಬಳ ಕೈಗೇ.”

ಯಜಮಾನರು ಮೆಕ್ಯಾನಿಕ್ಕಿಗೆ ಹೇಳಿಕಳಿಸಿದರು. ಅವನು ಬಂದೊಡನೆ ಕೇಳಿದರು:

“ಆ ಇನ್ನೊಂದನ್ನ ವಾಪಸ್ ಕೊಟ್ಟಿಲ್ಲ ತಾನೇ?”

“ಬೀರುವಿನಲ್ಲಿದೆ. ಆದ್ರೆ ಕಂಪ್ಯೂಟರ್ ನಿಲ್ಲಿಸ್ಬೇಕಾಗುತ್ತೆ. ಎಲ್ಲರನ್ನೂ ಏಳಿಸಿ.”

ಯಜಮಾನರೇ ಒಂದೊಂದು ಮೇಜಿಗೂ ಹೋಗಿ ಏಳಿಸಿದರು. ರಸ್ತೆಯ ತಿರುವಿನವರೆಗೂ ಲಾರಿಗಳು ನಿಂತವು. ಚಾಲಕರು ನೆರಳಿಗೆ ಇಳಿದು, ಇಂಥ ಉಗ್ರಾಣ ಎಲ್ಲೂ ಇಲ್ಲವೆಂದು ಎಲ್ಲರಿಗೂ ಕೇಳುವ ಹಾಗೆ ಮಾತಾಡಿಕೊಂಡರು.

ಬೇರೆ ಬೋರ್ಡು ಕೂರಿಸಿ ಕೆಲಸ ಮತ್ತೆ ಶುರುವಾದಾಗ ಅವಳು ಕುರ್ಚಿಯಲ್ಲಿದ್ದಳು. ಯಜಮಾನರು ಬೆನ್ನ ಹಿಂದೆ ನಿಂತು ಕೆಂಪು ಅಂಕಿ, ಪರದೆ, ಮತ್ತೆ ಕೆಂಪು ಅಂಕಿ ನೋಡಿದರು. ಅವಳು ತಿರುಗಿ ನೋಡದೆ ಒತ್ತಿದಳು, ಚೀಟಿ ಹರಿದು ಕೊಟ್ಟಳು. ಮುಂದಿನ ಲಾರಿಯನ್ನು ಹತ್ತಿಸಲು ಕೈ ಬೀಸಿದಳು. ಅದಕ್ಕೂ ಅವರನ್ನು ಕೇಳಲಿಲ್ಲ. ಇನ್ನೊಂದು ಲಾರಿಯವರೆಗೆ ನಿಂತಿದ್ದು, ಅದರ ಅಂಕಿಯೂ ತಪ್ಪದ್ದು ಕಂಡು, ಆಗ ಒಳಗಿನಿಂದ ಕೂಗಿದವನನ್ನು ಹುಡುಕಿಕೊಂಡು ಅವರು ಉಗ್ರಾಣದ ಕಡೆ ಹೋದರು.