ಖಾಲಿ ಚೀಲ ತಂದ ತಮ್ಮ

ಎಳ್ಳ ಅಮಾವಾಸ್ಯೆ ನಾಳೆ ಎನ್ನುವಾಗ ಸಂಗಣ್ಣ ಬಬಲೇಶ್ವರದಿಂದ ದೊಡ್ಡದೊಂದು ಖಾಲಿ ಚೀಲ ಹಿಡಿದು ಬಂದ. ಅಕ್ಕ ಸುವರ್ಣಾಳ ಸೀರೆ, ಪಾತ್ರೆ ತುಂಬಿಕೊಂಡು ಅವಳನ್ನು ಊರಿಗೆ ಕರೆದೊಯ್ಯದೆ ಬಿಡೆನೆಂದು ಪಟ್ಟು ಹಿಡಿದು ಕೂತ.

ಸುವರ್ಣಾ ವಿಜಯಪುರದ ಅಥಣಿ ರಸ್ತೆಯಲ್ಲಿ ಒಂದು ಖೋಲಿ ಹಿಡಿದು, ರೊಟ್ಟಿ ಬಡಿದು ಮಾರಿ, ಒಬ್ಬಳೇ ರಾಣಿಯ ಹಾಗೆ ಇದ್ದಳು. ಅವಳ ಕಣ್ಣಿನ ನೋಟ ವರ್ಷದಿಂದ ವರ್ಷಕ್ಕೆ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬಂದು, ಈಗ ನಟ್ಟನಡುವೆ ತಟ್ಟೆಯಷ್ಟು ಉಳಿದಿತ್ತು. ಇದು ವಂಶದಲ್ಲಿ ಬರುವ ರೋಗ, ಒಡಹುಟ್ಟಿದವರೂ ತೋರಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದರು. ಸಂಗಣ್ಣ ಆ ಮಾತನ್ನು ಗಾಳಿಗೆ ತೂರಿದ್ದ. ಸುವರ್ಣಾ ಅಳುತ್ತ ಕೂರುವವಳಲ್ಲ. ಡಬ್ಬಿಗಳಿಗೆಲ್ಲ ಕಾಯಂ ಜಾಗ ಗೊತ್ತುಮಾಡಿದ್ದಳು, ರೊಟ್ಟಿ ಬೆಂದದ್ದನ್ನು ವಾಸನೆಯಲ್ಲೇ ಹಿಡಿಯುತ್ತಿದ್ದಳು.

ಅಂದು ತಿಕೋಟಾದ ತೋಟದವರಿಗೆ, ಮರುದಿನ ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿ ಉಣ್ಣಲು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಹೋಗಬೇಕಿತ್ತು.

"ಸಾಕ ಮಾಡ ಬೇ ಅಕ್ಕಾ. ಮನ್ಯಾಗ ಕುಂತು ಉಣ್ಣು."

"ಈಗ ಕಣ್ಣಷ್ಟ ಹೋಗಾಕತ್ತಾವ. ಕುಂತು ಉಂಡ್ರ ಕೈಕಾಲೂ ಹೋಗ್ತಾವಲೇ!"

"ಲಗೂನ ತಯಾರಾಗು. ಹೊತ್ತು ಮುಳುಗೂದ್ರಾಗ ಊರು ಮುಟ್ಟಬೇಕು."

ಸುವರ್ಣಾಳ ಕೈ ನಿಂತಿತು. ಕತ್ತಲಲ್ಲೂ ಬೈಕು ಹತ್ತಿ ಕನಮಡಿಗೆ ನಾಟಕ ನೋಡಲು ಓಡುತ್ತಿದ್ದ ಗಂಡು ಇವನು. ಇವತ್ತು ಬಸ್ಸಿಗೆ ಬಂದಿದ್ದ. ಒಳಗೆ ಬರುವಾಗ ಅಂಗೈ ಗೋಡೆ ಸವರಿದ ಸಪ್ಪಳವೂ ಕೇಳಿಸಿತ್ತು. ಮೊದಮೊದಲು ಅವಳೂ ಹಾಗೇ ನಡೆದವಳು. ಸದ್ದಿಲ್ಲದೆ ಒಂದು ರೊಟ್ಟಿಯನ್ನು ಅವನ ಭುಜದ ಪಕ್ಕಕ್ಕೆ ಹಿಡಿದಳು. ಸಂಗಣ್ಣ ಕೈ ಚಾಚಲಿಲ್ಲ, ಎದುರಿಗೇ ನೋಡುತ್ತ ಬುದ್ಧಿವಾದ ಮುಂದುವರಿಸಿದ.

ಸುವರ್ಣಾ ರೊಟ್ಟಿ ಹಿಡಿದುಕೊಂಡೇ ಅವನ ಮುಖದತ್ತ ಬಾಗಿದಳು. ಕಂಕುಳಲ್ಲಿ ಹೊತ್ತು ಬೆಳೆಸಿದ ತಮ್ಮ.

"ಸಂಗ್ಯಾ, ಯಾವಾಗಿಂದ ಲೇ?"

"ಏನು?"

"ನಿನ್ನ ಬಾಜೂಕ ರೊಟ್ಟಿ ಹಿಡದೇನಿ. ಕಾಣವಲ್ದು, ಹೌದಿಲ್ಲೋ?"

ಸಂಗಣ್ಣ ಪಕ್ಕಕ್ಕೆ ಕೈ ಚಾಚಿ ರೊಟ್ಟಿಯನ್ನು ತಡವಿ ನೋಡಿದ. ಆಮೇಲೆ ಮಕ್ಕಳ ಹಾಗೆ ಬಿಕ್ಕಿದ.

"ಹ್ವಾದ ಸುಗ್ಗಿಯಿಂದ. ಅನುರಾಧಾಗೂ ಹೇಳಿಲ್ಲಬೇ. ಹೆಂಡ್ತಿ ಮುಂದ ಹೆಂಗ ಹೇಳ್ಲಿ? ನೀ ಮನ್ಯಾಗಿದ್ರ ನಿನ್ನ ನೋಡಿ ಕಲತೇನು ಅಂತ ಬಂದೀನಿ."

"ಅದಕ್ಕ ನನ್ನ ಅಂಗಡಿ ಮುಚ್ಚಸಾಕ ಬಂದೀ ಏನ, ಕಳ್ಳ?" ಸುವರ್ಣಾ ಅಳುತ್ತಲೇ ನಕ್ಕಳು. "ನಾ ಬರೂದಿಲ್ಲ. ಅಮಾಸಿ ಮಾಡ್ಕೊಂಡು ನೀನ ಬಾ. ಎಂಟು ದಿವಸ ಇಲ್ಲೇ ಇರು, ಎಲ್ಲಾ ಕಲಸ್ತೀನಿ."

ತೋಟದವರ ಪಾಲು ತೆಗೆದಿಟ್ಟು, ಮಿಕ್ಕ ರೊಟ್ಟಿಯನ್ನು ಖಾಲಿ ಚೀಲಕ್ಕೆ ತುಂಬಿ ಅವನ ಕೈಗೆ ಕೊಟ್ಟಳು.

"ಮೊದಲ ಏನ್ ಕಲಸ್ತೀ?"

"ಮೊದಲಿಂದು ಇವತ್ತ ಕಲಿ. ಹೆಂಡ್ತಿ ಮುಂದ ಬಾಯಿ ಬಿಡು."

ಸಂಗಣ್ಣ ಹೊಸ್ತಿಲಲ್ಲಿ ನಿಂತು ಫೋನು ಹಚ್ಚಿದ.

"ಅನುರಾಧಾ, ಸಂಜೀಕ ಬಸ್ ಸ್ಟ್ಯಾಂಡಿಗೆ ಬಾ. ನಿನ್ನ ಕೈ ಹಿಡ್ಕೊಂಡು ಮನಿಗೆ ಬರಬೇಕಾಗೇತಿ."